ದೀಪ ಬದಲಾಯಿಸಿದ್ದೀರಿ, ದೋಷ ಅಲ್ಲೇ ಇದೆ: ಬೀದಿದೀಪ ವಿಭಾಗಕ್ಕೊಂದು ಬಹಿರಂಗ ಪತ್ರ

ಗೆ,
ಕಾರ್ಯಪಾಲಕ ಎಂಜಿನಿಯರ್ ಅವರು,
ಬೀದಿದೀಪ ವಿಭಾಗ,
ಬೆಂಗಳೂರು.

ವಿಷಯ: ಬೀದಿದೀಪದ ದೂರುಗಳನ್ನು ದೋಷ ಪತ್ತೆ ಮಾಡದೆಯೇ ಮುಕ್ತಾಯಗೊಳಿಸುತ್ತಿರುವ ಬಗ್ಗೆ.

ಮಾನ್ಯರೇ,

ನಮ್ಮ ಬಡಾವಣೆಯ ಮುಖ್ಯರಸ್ತೆಯ ಬೀದಿದೀಪಗಳ ಬಗ್ಗೆ ನಾನೂ ನೆರೆಹೊರೆಯವರೂ ಕೊಟ್ಟ ದೂರುಗಳಿಗೆಲ್ಲ ಮೊಬೈಲಿಗೆ ಉತ್ತರ ಬಂದಿದೆ. ಎಲ್ಲದರಲ್ಲೂ ಒಂದೇ ಒಕ್ಕಣೆ: ದೂರು ಪರಿಹರಿಸಲಾಗಿದೆ. ಅದು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಹುಡುಗರು ಬಂದದ್ದು ನಿಜ, ಏಣಿ ಹಾಕಿದ್ದು ನಿಜ, ಹೆಚ್ಚಿನ ಸಲ ಆವತ್ತು ಸಂಜೆ ದೀಪ ಹತ್ತಿದ್ದೂ ನಿಜ. ಒಂದು ಜೋರು ಮಳೆ ಬಿದ್ದ ಮೇಲೆ ಅವೇ ಕಂಬಗಳಲ್ಲಿ ಮತ್ತೆ ಕತ್ತಲು. ಮತ್ತೆ ದೂರು, ಮತ್ತೆ ಹೊಸ ದೀಪ, ಮತ್ತೆ ಅದೇ ಸಂದೇಶ. ಈ ಸುತ್ತಾಟವನ್ನು ಇಷ್ಟು ದಿನ ಕಚೇರಿಯ ಮಟ್ಟದಲ್ಲೇ ಬಗೆಹರಿಸಿಕೊಳ್ಳಲು ನೋಡಿದೆವು. ಕೊಟ್ಟ ಅರ್ಜಿಗಳಿಗೆ ಸ್ವೀಕೃತಿ ಮುದ್ರೆ ಸಿಕ್ಕಿತು, ಉತ್ತರ ಸಿಗಲಿಲ್ಲ. ಹಾಗಾಗಿ ಈ ಬಹಿರಂಗ ಪತ್ರ.

ನಾನು ಪೀಣ್ಯದ ಕಾರ್ಖಾನೆಗಳಲ್ಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ನೋಡಿಕೊಂಡಿದ್ದು ನಿವೃತ್ತನಾದವನು. ಅಲ್ಲಿ ಮೋಟರು ಸುಟ್ಟರೆ ಹೊಸ ಮೋಟರು ಕೂರಿಸಿ ಕೈತೊಳೆದುಕೊಳ್ಳುವ ಹಾಗಿರಲಿಲ್ಲ. ಯಾಕೆ ಸುಟ್ಟಿತು ಎಂದು ಬ್ರೇಕ್‌ಡೌನ್ ರಿಜಿಸ್ಟರಿನಲ್ಲಿ ಬರೆಯಬೇಕಿತ್ತು. ಬೇರಿಂಗ್ ಹಿಡಿದಿತ್ತೇ, ಸಿಂಗಲ್ ಫೇಸಿಂಗ್ ಆಯಿತೇ, ಓವರ್‌ಲೋಡ್ ರಿಲೇ ಯಾರಾದರೂ ಏರಿಸಿಟ್ಟಿದ್ದರೇ? ಆ ಕಾಲಂ ಖಾಲಿ ಬಿಟ್ಟರೆ ಶಿಫ್ಟ್ ಇನ್‌ಚಾರ್ಜ್ ಸಹಿ ಹಾಕುತ್ತಿರಲಿಲ್ಲ. ನಿಮ್ಮ ವಿಭಾಗದ ಮೇಲೆ ನನ್ನ ದೂರು ಇಷ್ಟೇ. ದೀಪ ಬದಲಾಯಿಸುವ ಏರ್ಪಾಡು ನಿಮ್ಮಲ್ಲಿದೆ, ದೀಪ ಯಾಕೆ ಹೋಯಿತು ಎಂದು ಕೇಳುವ ಏರ್ಪಾಡು ಇಲ್ಲ. ಆ ಕಾಲಮ್ಮೇ ನಿಮ್ಮ ದೂರಿನ ನಮೂನೆಯಲ್ಲಿ ಕಾಣುವುದಿಲ್ಲ.

ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ಬಸ್ ಸ್ಟಾಪಿನಿಂದ ಹಾಲಿನ ಬೂತಿನ ತನಕ ಒಂದು ಸಾಲು ಕಂಬಗಳಿವೆ. ಒಂದು ಸಂಜೆ ಆ ಸಾಲಿನಲ್ಲಿ ಎರಡು ದೀಪ ಹತ್ತುವುದು, ಮೂರನೆಯದು ಆರಿರುವುದು, ಮತ್ತೆ ಎರಡು ಹತ್ತುವುದು, ಮೂರನೆಯದು ಆರಿರುವುದು, ಹೀಗೆ ಕೊನೆಯವರೆಗೂ ಕಾಣಿಸಿತು. ಲೈನಿನ ಕೆಲಸ ಬಲ್ಲ ಯಾರಿಗೇ ಆಗಲಿ ಇದನ್ನು ನೋಡಿದ ಕೂಡಲೇ ಅರ್ಥವಾಗಬೇಕು. ಬೀದಿದೀಪದ ಸಾಲಿಗೆ ಮೂರು ಫೇಸು, ಅಂದರೆ ಕರೆಂಟು ತರುವ ಮೂರು ಬೇರೆ ಬೇರೆ ತಂತಿ ಕೊಟ್ಟು, ಮೊದಲ ಕಂಬ ಆರ್ ಫೇಸಿಗೆ, ಎರಡನೆಯದು ವೈ ಫೇಸಿಗೆ, ಮೂರನೆಯದು ಬಿ ಫೇಸಿಗೆ ಎಂದು ಹಂಚಿರುತ್ತಾರೆ. ಲೋಡು ಸಮನಾಗಿರಲಿ, ಒಂದು ಫೇಸು ಹೋದರೂ ರಸ್ತೆ ಪೂರ್ತಿ ಕತ್ತಲಾಗದಿರಲಿ ಅಂತ ಈ ಲೆಕ್ಕ. ಮೂರಕ್ಕೊಂದು ಆರಿದೆ ಎಂದರೆ ಒಂದೇ ರಾತ್ರಿ ಅಷ್ಟೂ ದೀಪ ಮಾತಾಡಿಕೊಂಡು ಕೆಟ್ಟಿರುವುದಿಲ್ಲ. ಒಂದು ಫೇಸು ಬರುತ್ತಿಲ್ಲ. ಫೀಡರ್ ಪಿಲ್ಲರಿನ (ಸಾಲಿಗೆ ಕರೆಂಟು ಹಂಚುವ ರಸ್ತೆಬದಿಯ ಪೆಟ್ಟಿಗೆ) ಬಾಗಿಲು ತೆಗೆದು ಆ ಫೇಸಿನ ಫ್ಯೂಸು, ಎಂಸಿಬಿ (ಕರೆಂಟು ಮಿತಿಮೀರಿದರೆ ತಾನೇ ಕಡಿಯುವ ಸ್ವಿಚ್ಚು), ಕಾಂಟ್ಯಾಕ್ಟರಿನ (ಇಡೀ ಸಾಲನ್ನು ಹತ್ತಿಸಿ ಆರಿಸುವ ಸ್ವಿಚ್ಚು) ಆ ಪೋಲು ನೋಡಿದರೆ ಮುಗಿಯಿತು.

ಆದರೆ ಬಂದ ತಂಡ ಪಿಲ್ಲರಿನ ಕಡೆ ತಿರುಗಿಯೂ ನೋಡಲಿಲ್ಲ. ದೂರಿನಲ್ಲಿ ಎರಡು ಕಂಬದ ನಂಬರಿತ್ತು, ಎರಡು ದೀಪ ಇಳಿಸಿ ಹೊಸ ಎರಡು ಏರಿಸಿದರು. ಹಗಲು ಹೊತ್ತು, ಲೈನಿನಲ್ಲಿ ಕರೆಂಟಿಲ್ಲ, ಹತ್ತುತ್ತದೋ ಇಲ್ಲವೋ ನೋಡುವ ದಾರಿಯೂ ಇಲ್ಲ. ಸಂಜೆ ಹೊಸ ದೀಪಗಳೂ ಆರಿಕೊಂಡೇ ನಿಂತಿದ್ದವು. ಕೊನೆಗೆ ಬೇರೆ ಯಾವುದೋ ಕೆಲಸಕ್ಕೆ ಬಂದ ಹಳೆಯ ವೈರ್‌ಮನ್ ಒಬ್ಬರು ಪಿಲ್ಲರ್ ತೆಗೆದು, ಸುಟ್ಟು ಕಪ್ಪಾಗಿದ್ದ ಒಂದು ಟರ್ಮಿನಲ್ ಬಿಚ್ಚಿ, ವೈರು ಹಿಂದಕ್ಕೆ ಕತ್ತರಿಸಿ, ಹೊಸ ಲಗ್ (ತಂತಿಯ ತುದಿಗೆ ಕೂರಿಸುವ ಲೋಹದ ಟೊಪ್ಪಿ) ಒತ್ತಿ ಕಟ್ಟಿದರು. ಕಾಲು ಗಂಟೆಯ ಕೆಲಸ. ಅಷ್ಟೂ ದೀಪ ಹತ್ತಿದವು. ಇಳಿಸಿಕೊಂಡು ಹೋದ ಆ ಎರಡು ದೀಪ ಚೆನ್ನಾಗಿಯೇ ಇದ್ದವು ಎಂದು ನಾನು ಬರೆದುಕೊಡಬಲ್ಲೆ. ಅವು ಈಗ ಯಾವ ಗುಜರಿಯಲ್ಲಿವೆಯೋ, ಲೆಕ್ಕದಲ್ಲಿ ಏನೆಂದು ಬರೆದಿದ್ದಾರೋ.

ಆ ಟರ್ಮಿನಲ್ ಯಾಕೆ ಸುಟ್ಟಿತ್ತು ಎನ್ನುವುದಕ್ಕೂ ಕಾರಣ ಕಣ್ಣೆದುರೇ ಇತ್ತು. ಅಲ್ಯೂಮಿನಿಯಂ ಕೇಬಲನ್ನು ಲಗ್ ಇಲ್ಲದೆ ನೇರವಾಗಿ ಹಿತ್ತಾಳೆಯ ಟರ್ಮಿನಲ್ಲಿಗೆ ತುರುಕಿ ಸ್ಕ್ರೂ ಬಿಗಿದಿದ್ದರು. ಅಲ್ಯೂಮಿನಿಯಂ ಬಿಸಿಯಾದಾಗ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ, ದಿನಕ್ಕೊಮ್ಮೆ ಹೀಗಾಗುತ್ತಾ ಸ್ಕ್ರೂ ಸಡಿಲವಾಗುತ್ತದೆ. ಸಡಿಲವಾದ ಕಡೆ ಕಿಡಿ, ಕಿಡಿಯಾದ ಕಡೆ ಆಕ್ಸೈಡ್, ಆಕ್ಸೈಡ್ ಕೂತ ಕಡೆ ಇನ್ನಷ್ಟು ಬಿಸಿ. ಪಕ್ಕದ ಎರಡು ಫೇಸಿನ ಟರ್ಮಿನಲ್ಲುಗಳೂ ಇದೇ ಹಾದಿ ಹಿಡಿದಿವೆ. ಇದನ್ನು ನಾನು ಬರವಣಿಗೆಯಲ್ಲಿ ನಿಮ್ಮ ಕಚೇರಿಗೆ ಕೊಟ್ಟಿದ್ದೇನೆ.

ಎರಡನೆಯ ಸಂಗತಿ ನ್ಯೂಟ್ರಲಿನದು, ಅಂದರೆ ಕರೆಂಟು ಮರಳಿ ಹೋಗುವ ತಂತಿಯದು. ಇದಕ್ಕೆ ಹೋದಷ್ಟು ದುಡ್ಡು ಬೇರೆ ಯಾವುದಕ್ಕೂ ಹೋಗಿರಲಾರದು.

ಎಲ್‌ಇಡಿ ದೀಪದ ಡಬ್ಬದ ಮೇಲೆ ಸಾಮಾನ್ಯವಾಗಿ 50,000 ಗಂಟೆ ಬಾಳಿಕೆ ಎಂದು ಬರೆದಿರುತ್ತಾರೆ. ರಾತ್ರಿಗೆ 12 ಗಂಟೆ ಹಿಡಿದರೂ ಹನ್ನೊಂದು ವರ್ಷ ದಾಟುತ್ತದೆ. ನಮ್ಮ ರಸ್ತೆಯ ಕೊನೆಯ ಭಾಗದ ದೀಪಗಳು ಒಂದು ಗಣೇಶನ ಹಬ್ಬದಿಂದ ಇನ್ನೊಂದು ಗಣೇಶನ ಹಬ್ಬಕ್ಕೆ ಬರುವುದಿಲ್ಲ. ಅದೇ ಪಿಲ್ಲರಿನ ಹತ್ತಿರದ ಕಂಬಗಳಲ್ಲಿ ಅದೇ ಕಂಪನಿಯ, ಅದೇ ಲಾಟಿನ ದೀಪಗಳು ಹಾಕಿದಾಗಿನಿಂದ ಹತ್ತುತ್ತಿವೆ. ದೀಪ ಕಳಪೆ ಎನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ. ತುದಿಯಲ್ಲಿ ಮಾತ್ರ ಸಾಯುತ್ತಿವೆ, ಅದೂ ಎರಡು ಮೂರು ಒಟ್ಟಿಗೆ, ಅದೂ ಸಾಯುವ ಮುಂಚೆ ಕೆಲವು ದಿನ ಒಂದು ದೀಪ ವಿಪರೀತ ಬೆಳಕಾಗಿ ಮಿನುಗುತ್ತಾ, ಪಕ್ಕದ್ದು ಮಂಕಾಗಿ ತೂಕಡಿಸುತ್ತಾ.

ಮೂರು ಫೇಸಿನ ಸಾಲಿನಲ್ಲಿ ನಡುವೆ ಎಲ್ಲೋ ನ್ಯೂಟ್ರಲ್ ಕಿತ್ತುಹೋದರೆ ಅಥವಾ ಸಡಿಲವಾದರೆ ಆಗುವುದು ಇದೇ. ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ ಇರಬೇಕಾದ 230 ವೋಲ್ಟು ಅಲ್ಲಿಂದಾಚೆಗೆ ತನ್ನ ಜಾಗದಲ್ಲಿ ನಿಲ್ಲುವುದಿಲ್ಲ. ಹೆಚ್ಚು ದೀಪ ಉರಿಯುತ್ತಿರುವ ಫೇಸಿನಲ್ಲಿ ವೋಲ್ಟೇಜು ಇಳಿಯುತ್ತದೆ, ಕಡಿಮೆ ದೀಪ ಇರುವ ಫೇಸಿನಲ್ಲಿ ಏರುತ್ತದೆ. 300 ದಾಟಬಹುದು, ಕೆಟ್ಟದ್ದಾದರೆ 400ರ ಹತ್ತಿರಕ್ಕೂ ಹೋಗಬಹುದು. ದೀಪದೊಳಗಿನ ಡ್ರೈವರ್, ಅಂದರೆ ಎಲ್‌ಇಡಿಗೆ ಕರೆಂಟು ಅಳೆದು ಕೊಡುವ ಸರ್ಕ್ಯೂಟು, ಅದನ್ನು ಎಷ್ಟು ಹೊತ್ತು ತಡೆದೀತು? ಒಂದು ಸುಟ್ಟಾಗ ಆ ಫೇಸಿನಲ್ಲಿ ಉಳಿದ ದೀಪಗಳು ಇನ್ನೂ ಕಡಿಮೆಯಾಗುತ್ತವೆ, ಉಳಿದವಕ್ಕೆ ಪೆಟ್ಟು ಇನ್ನೂ ಹೆಚ್ಚು. ಹೊಸ ದೀಪ ತಂದು ಹಾಕುವುದೆಂದರೆ ಅದೇ ಬಾಯಿಗೆ ಇನ್ನೊಂದು ತುತ್ತು.

ಪತ್ತೆ ಮಾಡುವುದು ಕಷ್ಟವೇ? ಸಂಜೆ ಸಾಲು ಉರಿಯುತ್ತಿರುವಾಗ ಪಿಲ್ಲರಿನಲ್ಲಿ ಮೂರೂ ಫೇಸಿನ ವೋಲ್ಟೇಜು ನ್ಯೂಟ್ರಲ್ಲಿಗೆ ಹಿಡಿದು ಬರೆದುಕೊಳ್ಳಬೇಕು. ಆಮೇಲೆ ಕೊನೆಯ ಕಂಬಗಳ ಜಂಕ್ಷನ್ ಬಾಕ್ಸುಗಳಲ್ಲಿ ಅದನ್ನೇ ಮಾಡಬೇಕು. ಪಿಲ್ಲರಿನಲ್ಲಿ ಮೂರೂ 230ರ ಆಸುಪಾಸಿದ್ದು, ತುದಿಯಲ್ಲಿ ಒಂದು 170, ಇನ್ನೊಂದು 290 ಬಂದರೆ ನ್ಯೂಟ್ರಲ್ ಹೋಗಿದೆ. ಹಿಂದಕ್ಕೆ ನಡೆದುಕೊಂಡು ಬಂದರೆ ಯಾವ ಎರಡು ಕಂಬಗಳ ನಡುವೆ ಹೋಗಿದೆ ಎನ್ನುವುದೂ ಸಿಗುತ್ತದೆ. ಇದಕ್ಕೆ ಬೇಕಾದದ್ದು ಒಂದು ಮಲ್ಟಿಮೀಟರು, ಒಂದು ಟಾರ್ಚು, ಕೈಗೆ ಗ್ಲೌಸು, ಮತ್ತು ಕತ್ತಲಾದ ಮೇಲೆ ಕೆಲಸ ಮಾಡುವ ತಂಡ. ನಮ್ಮ ಕಡೆ ಬಂದ ಯಾವ ತಂಡದ ಕೈಯಲ್ಲೂ ಮೀಟರ್ ನೋಡಿದ ನೆನಪು ನನಗಿಲ್ಲ, ಟೆಸ್ಟರ್ ಮಾತ್ರ ಇತ್ತು. ನಿಯಾನ್ ಟೆಸ್ಟರಿಗೆ 170 ಆದರೂ ಒಂದೇ, 290 ಆದರೂ ಒಂದೇ.

ನ್ಯೂಟ್ರಲ್ ಹಾಳಾಗುವುದಕ್ಕೆ ನಮ್ಮವರ ಕೈವಾಡವೂ ಇದೆ ಎನ್ನುವುದನ್ನು ಮರೆಮಾಚುವುದಿಲ್ಲ. ಭಾದ್ರಪದದಲ್ಲಿ ಗಣೇಶನ ಪೆಂಡಾಲು, ನವೆಂಬರ್ ಪೂರ್ತಿ ರಾಜ್ಯೋತ್ಸವ, ಆಮೇಲೆ ಅಣ್ಣಮ್ಮ ದೇವಿ ಉತ್ಸವ. ಒಂದೊಂದಕ್ಕೂ ಸೀರಿಯಲ್ ಸೆಟ್ಟು, ಹ್ಯಾಲೋಜನ್ನು, ಆರ್ಕೆಸ್ಟ್ರಾದ ಆಂಪ್ಲಿಫೈಯರು ಎಲ್ಲವೂ ಬೀದಿದೀಪದ ಕಂಬಕ್ಕೇ ಕೊಕ್ಕೆ. ಕೈಗೆ ಸಿಕ್ಕ ಒಂದು ಫೇಸಿಗೆ ಹಾಕಿ ಎಳೆಯುತ್ತಾರೆ, ಕೀಳುವಾಗ ಜಾಯಿಂಟನ್ನೂ ಸೇರಿಸಿ ಕೀಳುತ್ತಾರೆ. ನನ್ನ ಊರಿನ ಹಬ್ಬ ನನಗೂ ಬೇಕು. ತಾತ್ಕಾಲಿಕ ಸಂಪರ್ಕ ಪಡೆಯಿರಿ ಎಂದು ನಮ್ಮ ಹುಡುಗರಿಗೆ ಹೇಳುವ ಕೆಲಸ ನಮ್ಮದು, ಮಾಡುತ್ತೇವೆ. ಹಬ್ಬ ಮುಗಿದ ಮಾರನೇ ವಾರ ಆ ಕಂಬಗಳ ಜಾಯಿಂಟ್ ನೋಡಿಸುವ ಕೆಲಸ ನಿಮ್ಮದು.

ಇನ್ನು ಮೂರನೆಯದು. ಇದು ಕತ್ತಲು ಬೆಳಕಿನ ವಿಷಯವಲ್ಲ, ಜೀವದ ವಿಷಯ. ದಯವಿಟ್ಟು ನಿಧಾನವಾಗಿ ಓದಿ.

ಪಾರ್ಕಿನ ಗೇಟಿನ ಎದುರಿಗಿರುವ ಕಬ್ಬಿಣದ ಕಂಬದ ಬುಡದಲ್ಲಿ ಜಂಕ್ಷನ್ ಬಾಕ್ಸಿನ ಮುಚ್ಚಳ ಇಲ್ಲ. ಅದನ್ನು ಕದ್ದು ಗುಜರಿಗೆ ಹಾಕಿದವರು ಯಾರೋ, ಅದು ಬೇರೆ ಮಾತು. ಆ ಜಾಗಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿ ದಾರ ಕಟ್ಟಿದ್ದಾರೆ. ಒಳಗೆ ಫೇಸಿನ ವೈರಿನ ಜಾಯಿಂಟು, ಮೇಲೆ ಇನ್ಸುಲೇಷನ್ ಟೇಪು. ಬಿಸಿಲಿಗೆ ಟೇಪಿನ ಅಂಟು ಕರಗಿ ಅದು ಸುರುಳಿ ಬಿಚ್ಚಿಕೊಂಡಿದೆ. ಮುಚ್ಚಳದ ತೂತು ನೆಲದಿಂದ ಮೊಣಕಾಲೆತ್ತರದಲ್ಲಿದೆ, ಅಂದರೆ ಮೂರು ವರ್ಷದ ಮಗುವಿನ ಕೈಯೆತ್ತರದಲ್ಲಿ. ಮಳೆ ಬಂದು ನಿಂತ ಒಂದು ಬೆಳಗಿನ ಜಾವ, ದೀಪಗಳು ಇನ್ನೂ ಉರಿಯುತ್ತಿದ್ದಾಗ, ಆ ಕಂಬಕ್ಕೆ ಒರಗಿದ ಬೀದಿನಾಯಿಯೊಂದು ಕಿರುಚಿ ಬಿದ್ದದ್ದನ್ನು ಹಾಲಿನ ಬೂತಿನವರು ನೋಡಿ ನನ್ನನ್ನು ಕರೆದರು. ಅವರಿಗೆ ಯಾರೂ ಹತ್ತಿರ ಹೋಗದ ಹಾಗೆ ನೋಡಿಕೊಳ್ಳಿ ಎಂದು ಹೇಳಿ, ರಬ್ಬರ್ ಬೂಟು ಹಾಕಿಕೊಂಡು ಮೀಟರ್ ತಂದೆ. ಒದ್ದೆ ಮಣ್ಣಿಗೆ ಚುಚ್ಚಿದ ಸ್ಕ್ರೂಡ್ರೈವರಿಗೂ ಕಂಬಕ್ಕೂ ನಡುವೆ 90 ವೋಲ್ಟ್ ತೋರಿಸಿತು. ಈ ಪರೀಕ್ಷೆಯನ್ನು ಓದುಗರು ಯಾರೂ ತಾವೇ ಮಾಡಲು ಹೋಗಬೇಡಿ. ನನ್ನದು ಅದೇ ಕಸುಬು.

ಆ ಬೆಳಿಗ್ಗೆ ಫೋನ್ ಮಾಡಿದ ಮೇಲೆ ತಂಡ ಬಂತು, ಕಂಬದ ಫೇಸ್ ವೈರು ಕತ್ತರಿಸಿತು, ಹೋಯಿತು. ಒಳ್ಳೆಯದೇ. ಆದರೆ ನಾನು ಪಿಲ್ಲರಿನೊಳಗೆ ಇಣುಕಿ ನೋಡಿದಾಗ ಕಂಡದ್ದು ಬೇರೆ. ಸೋರಿಕೆ ಕರೆಂಟು ಕಂಡ ಕೂಡಲೇ ಲೈನು ಕಡಿಯಬೇಕಾದ ಸಾಧನದ, ಅದನ್ನು ಇಎಲ್‌ಸಿಬಿ ಅನ್ನಿ ಆರ್‌ಸಿಸಿಬಿ ಅನ್ನಿ, ಮೇಲಿನ ಟರ್ಮಿನಲ್ಲಿನಿಂದ ಕೆಳಗಿನ ಟರ್ಮಿನಲ್ಲಿಗೆ ವೈರು ಹಾಕಿ ಡೈರೆಕ್ಟ್ ಮಾಡಿದ್ದಾರೆ. ಕೇಳಿದಾಗ ತಂಡದ ಹುಡುಗ ಮುಚ್ಚುಮರೆ ಇಲ್ಲದೆ ಹೇಳಿದ: "ಮಳೆ ಬಂದ್ರೆ ಸಾಕು ಟ್ರಿಪ್ ಆಗ್ತಿತ್ತು ಸಾರ್. ದಿನಾ ಕಂಪ್ಲೇಂಟ್. ಡೈರೆಕ್ಟ್ ಕೊಟ್ಬಿಟ್ವಿ, ಆಮೇಲೆ ಪ್ರಾಬ್ಲಮ್ಮೇ ಇಲ್ಲ."

ಪ್ರಾಬ್ಲಮ್ಮೇ ಇಲ್ಲ! ಆ ಸಾಧನ ಮಳೆ ಬಂದಾಗಲೆಲ್ಲ ಟ್ರಿಪ್ ಆಗುತ್ತಿದ್ದದ್ದು ತನ್ನ ಕೆಲಸ ತಾನು ಮಾಡುತ್ತಿತ್ತು ಎಂದು. ಎಲ್ಲೋ ಒಂದು ಕಂಬದಲ್ಲಿ ನೀರು ಇಳಿದು ಕರೆಂಟು ಕಬ್ಬಿಣಕ್ಕೆ ಸೋರುತ್ತಿದೆ, ಹೋಗಿ ಹುಡುಕಿ ಎಂದು ಅದು ಹೇಳುತ್ತಿತ್ತು. ಹುಡುಕುವ ಬದಲು ಅದರ ಬಾಯಿ ಕಟ್ಟಿದ್ದೀರಿ.

ಎಂಸಿಬಿ ಇದೆಯಲ್ಲ, ಅದು ಕಡಿಯುತ್ತದಲ್ಲ ಎಂದು ನಿಮ್ಮ ಕಚೇರಿಯಲ್ಲಿ ಒಬ್ಬರು ನನಗೆ ಸಮಾಧಾನ ಹೇಳಿದರು. ಎಂಜಿನಿಯರಿಂಗ್ ಓದಿದವರು ಹೇಳುವ ಮಾತಲ್ಲ ಅದು. ಲೆಕ್ಕ ಹಾಕೋಣ. ಕಂಬದ ಅರ್ಥಿಂಗ್ (ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಏರ್ಪಾಡು) ಚೆನ್ನಾಗಿಲ್ಲದೆ ಅದರ ರೆಸಿಸ್ಟೆನ್ಸ್ 23 ಓಮ್ ಇದೆ ಎಂದುಕೊಳ್ಳಿ. ಫೇಸಿನ ವೈರು ಪೂರ್ತಿಯಾಗಿ ಕಂಬಕ್ಕೆ ತಗುಲಿದರೂ 230 ವೋಲ್ಟಿಗೆ ಅದರ ಮೂಲಕ ಹರಿಯುವುದು 10 ಆಂಪ್. ಪಿಲ್ಲರಿನಲ್ಲಿರುವುದು 16 ಆಂಪಿನ ಎಂಸಿಬಿ. ಅದು ಕದಲುವುದೇ ಇಲ್ಲ, ಬೆಳಗಿನ ತನಕ ಆ ಕಂಬ ಜೀವಂತವಾಗಿಯೇ ನಿಂತಿರುತ್ತದೆ. ಇತ್ತ ಮನುಷ್ಯನ ಎದೆಯ ಮೂಲಕ 30 ಮಿಲಿಆಂಪ್ ಹರಿದರೂ ಜೀವಕ್ಕೆ ಸಂಚಕಾರ. ಒಂದು ಆಂಪಿನ ನೂರನೇ ಮೂರು ಪಾಲು. ಈ ಎರಡು ಅಂಕಿಗಳ ನಡುವಿನ ಅಂತರದಲ್ಲೇ ಜನ ಸಾಯುವುದು. ಎಂಸಿಬಿ ಇರುವುದು ಕೇಬಲ್ ಸುಡದಿರಲಿ ಎಂದು, ಮನುಷ್ಯರನ್ನು ಕಾಯುವುದಕ್ಕೆ ಅರ್ಥಿಂಗೂ ಸೋರಿಕೆ ತಡೆಯುವ ಸಾಧನವೂ ಎರಡೂ ಬೇಕು. ನಮ್ಮ ಪಿಲ್ಲರಿನ ಅರ್ಥ್ ಪಿಟ್ (ಅರ್ಥಿಂಗ್ ಹೂತಿರುವ ಗುಂಡಿ) ಮೇಲೆ ಕಾಂಕ್ರೀಟ್ ಫುಟ್‌ಪಾತ್ ಬಂದಿದೆ. ಅದಕ್ಕೆ ಕೊನೆಯ ಬಾರಿ ನೀರು ಹಾಕಿದವರು, ರೆಸಿಸ್ಟೆನ್ಸ್ ಅಳೆದವರು ಯಾರೋ ದೇವರಿಗೇ ಗೊತ್ತು.

2023ರ ನವೆಂಬರಿನಲ್ಲಿ ವೈಟ್‌ಫೀಲ್ಡ್ ಕಡೆಯ ಹೋಪ್ ಫಾರ್ಮ್ ಬಳಿ ಫುಟ್‌ಪಾತಿನ ಮೇಲೆ ಬಿದ್ದಿದ್ದ ವಿದ್ಯುತ್ ತಂತಿ ತುಳಿದು ತಾಯಿಯೂ ಕಂಕುಳಲ್ಲಿದ್ದ ಒಂಬತ್ತು ತಿಂಗಳ ಮಗುವೂ ಸತ್ತದ್ದನ್ನು ಈ ಊರು ಮರೆತಿಲ್ಲ ಎಂದುಕೊಂಡಿದ್ದೇನೆ. ಅದು ಬೀದಿದೀಪದ ಲೈನಲ್ಲ, ಹೊಣೆಯೂ ನಿಮ್ಮದಲ್ಲ. ನಮ್ಮ ಪಾರ್ಕಿನ ಎದುರಿನ ಕಂಬ ಮಾತ್ರ ನಿಮ್ಮದು. ಫೇಸ್ ಕತ್ತರಿಸಿದ ಆ ಕಂಬದಲ್ಲಿ ದೀಪ ಹತ್ತುತ್ತಿಲ್ಲ ಎಂದು ಈಗ ಯಾರಾದರೂ ದೂರು ಕೊಡುತ್ತಾರೆ, ಇದೇನೂ ಗೊತ್ತಿಲ್ಲದ ಇನ್ನೊಂದು ತಂಡ ಬಂದು ವೈರು ಜೋಡಿಸಿ 'ಪರಿಹರಿಸಿ' ಹೋಗುತ್ತದೆ. ಆ ಭಯ ನನಗೆ ಪ್ರತಿ ಸಂಜೆ ಇದೆ.

ಹಗಲು ಉರಿಯುವ ದೀಪದ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಪತ್ರಿಕೆಗಳಲ್ಲಿ ಫೋಟೋ ಬಂದೇ ಬರುತ್ತದೆ. ಕೆಲವೊಮ್ಮೆ ನಿಮ್ಮ ತಂಡಗಳು ಆರಿದ ದೀಪ ಗುರುತಿಸಲೆಂದೇ ಹಗಲಲ್ಲಿ ಹತ್ತಿಸುತ್ತವೆ, ಅದು ತಪ್ಪಲ್ಲ. ಸಂಜೆವರೆಗೂ ಬಿಟ್ಟು ಹೋಗುವುದು ತಪ್ಪು. ಉಳಿದಂತೆ ಸಾಮಾನ್ಯವಾಗಿ ಮೂರು ಕಾರಣ: ಕಾಂಟ್ಯಾಕ್ಟರಿನ ಕಾಂಟ್ಯಾಕ್ಟು ಸುಟ್ಟು ಅಂಟಿಕೊಂಡಿರುವುದು, ಫೋಟೋಸೆಲ್ಲಿನ ಗಾಜಿಗೆ ಧೂಳು ಕೂತು ಅದಕ್ಕೆ ಹಗಲೂ ರಾತ್ರಿಯಾಗಿರುವುದು, ಇಲ್ಲವೇ ಕರೆಂಟು ಹೋಗಿ ಬಂದಾಗ ಟೈಮರಿನ ಗಡಿಯಾರ ತಪ್ಪಿರುವುದು. ನಮ್ಮಲ್ಲಿ ಇದು ಮೂರನೆಯದು. ಟೈಮರಿನ ಬ್ಯಾಟರಿ ಸತ್ತಿದೆ, ಲೈನು ಹೋದಷ್ಟು ಹೊತ್ತು ಗಡಿಯಾರ ಹಿಂದೆ ಬೀಳುತ್ತದೆ. ಗಡಿಯಾರ ಸರಿಯಿದ್ದರೂ ವರ್ಷಪೂರ್ತಿ ಒಂದೇ ಸಮಯಕ್ಕೆ ಕೂರಿಸಿದರೆ ಆಗುವುದಿಲ್ಲ. ಬೆಂಗಳೂರಿನಲ್ಲಿ ನವೆಂಬರಿನಲ್ಲಿ ಸೂರ್ಯ ಮುಳುಗುವುದು 5.50ರ ಹೊತ್ತಿಗೆ, ಜುಲೈ ಮೊದಲಿಗೆ 6.50ರ ಹೊತ್ತಿಗೆ. ಒಂದು ಗಂಟೆಯ ವ್ಯತ್ಯಾಸ. ಊರಿನ ಅಕ್ಷಾಂಶ ರೇಖಾಂಶ ಕೊಟ್ಟರೆ ತಾನೇ ಸೂರ್ಯಾಸ್ತ ಲೆಕ್ಕ ಹಾಕುವ ಟೈಮರುಗಳು ಎಸ್‌ಪಿ ರೋಡಿನ ಅಂಗಡಿಗಳಲ್ಲೇ ಸಿಗುತ್ತವೆ. 90 ವ್ಯಾಟಿನ 40 ದೀಪ ಹಗಲು 12 ಗಂಟೆ ಉರಿದರೆ ದಿನಕ್ಕೆ 43 ಯೂನಿಟ್ ಮೇಲೆ ಪೋಲು. ಒಂದು ಬ್ಯಾಟರಿಯ ಸಲುವಾಗಿ.

ಏಣಿ ಹತ್ತುವ ಹುಡುಗರನ್ನು ದೂರುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ಅವರೆಲ್ಲ ಗುತ್ತಿಗೆಯವರು. ಗ್ಲೌಸಿಲ್ಲದೆ, ಸೇಫ್ಟಿ ಬೆಲ್ಟಿಲ್ಲದೆ, ಹವಾಯಿ ಚಪ್ಪಲಿ ಹಾಕಿಕೊಂಡು ಹತ್ತಿದವರನ್ನು ನೋಡಿದ್ದೇನೆ. ಒಬ್ಬನನ್ನು ಕರೆದು, "ಏನಪ್ಪಾ, ಪಿಲ್ಲರ್ ಒಂದ್ಸಲ ತೆಗೆದು ನೋಡಬಾರ್ದಾ?" ಎಂದೆ. "ಪಿಲ್ಲರ್ ಕೀ ನಮ್ಮತ್ರ ಕೊಟ್ಟಿಲ್ಲ ಅಂಕಲ್. ನಮಗೆ ಲಿಸ್ಟ್ ಕೊಡ್ತಾರೆ, ಲ್ಯಾಂಪ್ ಕೊಡ್ತಾರೆ. ಸಾಯಂಕಾಲದೊಳಗೆ ಲಿಸ್ಟ್ ಮುಗಿಸಿ ಫೋಟೋ ಹಾಕ್ಬೇಕು," ಎಂದ. ಅವನ ಮಾತಿನಲ್ಲಿ ನಿಮ್ಮ ಇಡೀ ವ್ಯವಸ್ಥೆ ಇದೆ. ಫೋಟೋ ಬಿದ್ದರೆ ಬಿಲ್ಲು. ಹೊಸ ದೀಪದ ಫೋಟೋ ಬೀಳುತ್ತದೆ. ಬಿಗಿ ಮಾಡಿದ ಟರ್ಮಿನಲ್ಲಿನ ಫೋಟೋಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಹೀಗಿದ್ದಾಗ ದೋಷ ಹುಡುಕುವವನು ಆ ದಿನದ ಕೂಲಿ ಕಳೆದುಕೊಳ್ಳುತ್ತಾನೆ. ಆ ಹುಡುಗನ ಜಾಗದಲ್ಲಿ ಯಾರಿದ್ದರೂ ದೀಪವನ್ನೇ ಬದಲಾಯಿಸುತ್ತಾರೆ.

ಕಂಬ ಒಬ್ಬರದು, ದೀಪ ಇನ್ನೊಬ್ಬರದು, ಅಗೆಯುವವರು ಮತ್ತೊಬ್ಬರು ಎನ್ನುವ ಗೋಳೂ ಗೊತ್ತು. ಇಂಟರ್ನೆಟ್ಟಿನ ಓಎಫ್‌ಸಿ ಕೇಬಲ್ ಹಾಕುವವರು, ನೀರಿನ ಪೈಪಿನವರು, ಗ್ಯಾಸ್ ಪೈಪಿನವರು ಸರತಿಯಲ್ಲಿ ಬಂದು ರಸ್ತೆ ಅಗೆದು ನಿಮ್ಮ ಕೇಬಲಿಗೆ ಪೆಟ್ಟು ಕೊಡುತ್ತಾರೆ, ಟೇಪು ಸುತ್ತಿ ಮಣ್ಣು ಮುಚ್ಚುತ್ತಾರೆ. ಮೊದಲ ಮಳೆಗೆ ಆ ಜಾಯಿಂಟು ನೀರು ಕುಡಿಯುತ್ತದೆ. ಒಂದೇ ಇದ್ದ ಪಾಲಿಕೆ 2025ರ ಸೆಪ್ಟೆಂಬರಿನಲ್ಲಿ ಐದಾದ ಮೇಲೆ ನಮ್ಮ ಹಳೆಯ ಅರ್ಜಿಯ ಫೈಲು ಯಾರ ಮೇಜಿನ ಮೇಲಿದೆ ಎಂದು ಕೇಳಿದರೆ ಇನ್ನೊಂದು ಮೇಜು ತೋರಿಸುತ್ತಾರೆ. ಬೆಳಗಿನ ನಾಲ್ಕು ಗಂಟೆಗೆ ಹೂವಿನ ಬುಟ್ಟಿ ಹೊತ್ತು ಮಾರ್ಕೆಟ್ಟಿನ ಬಸ್ಸಿಗೆ ನಡೆಯುವ ಹೆಂಗಸಿಗೂ, ಕತ್ತಲಲ್ಲೇ ಪೊರಕೆ ಹಿಡಿಯುವ ಪೌರಕಾರ್ಮಿಕರಿಗೂ ಈ ಗಡಿಗಳು ಕಾಣುವುದಿಲ್ಲ. 1905ರಲ್ಲಿ ಶಿವನಸಮುದ್ರದಿಂದ ಕರೆಂಟು ತಂದು ಇದೇ ಕೆ.ಆರ್. ಮಾರ್ಕೆಟ್ಟಿನ ಸುತ್ತ ಬೀದಿದೀಪ ಹತ್ತಿಸಿದ ಊರು ನಮ್ಮದು ಎಂದು ವೇದಿಕೆಗಳಲ್ಲಿ ಹೇಳಿಕೊಳ್ಳುತ್ತೇವೆ. ಅಷ್ಟು ದೂರದಿಂದಲ್ಲ, ಪಿಲ್ಲರಿನಿಂದ ಪಾರ್ಕಿನ ಗೇಟಿನ ತನಕ ಕರೆಂಟು ನೆಟ್ಟಗೆ ತರುವ ಕೆಲಸವನ್ನಷ್ಟೇ ನಾನು ಕೇಳುತ್ತಿರುವುದು.

ಇಷ್ಟು ಹೇಳಿದ ಮೇಲೆ ಕೋರಿಕೆಗಳು.

ಎಲ್ಲಕ್ಕಿಂತ ಮೊದಲು, ಡೈರೆಕ್ಟ್ ಮಾಡಿರುವ ಸೋರಿಕೆ ತಡೆ ಸಾಧನಗಳನ್ನು ನಿಮ್ಮ ವ್ಯಾಪ್ತಿಯ ಪ್ರತಿಯೊಂದು ಪಿಲ್ಲರಿನಲ್ಲೂ ಪಟ್ಟಿ ಮಾಡಿಸಿ, ಮರಳಿ ಹಾಕಿಸಿ. ಹಾಕಿದರೆ ಟ್ರಿಪ್ ಆಗುತ್ತದೆ, ಜನ ಬೈಯುತ್ತಾರೆ, ಗೊತ್ತು. ಆಗ ಸೋರಿಕೆ ಹುಡುಕಿಸಿ. ಪಿಲ್ಲರಿನಲ್ಲಿ ಲೈನು ಕಡಿದು ಬೀಗ ಹಾಕಿ, ದೀಪಗಳ ವೈರು ಬಿಚ್ಚಿ (ಬಿಚ್ಚದಿದ್ದರೆ ದೀಪದೊಳಗಿನ ಸರ್ಜ್ ಪ್ರೊಟೆಕ್ಟರ್ ತಪ್ಪು ರೀಡಿಂಗ್ ಕೊಡುತ್ತದೆ, ಡ್ರೈವರಿಗೂ ಕ್ಷೇಮವಲ್ಲ), ಸಾಲಿನ ಮಧ್ಯದ ಕಂಬದಲ್ಲಿ ಕೇಬಲ್ ಬೇರ್ಪಡಿಸಿ ಎರಡೂ ಕಡೆಗೆ 500 ವೋಲ್ಟಿನ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರು) ಹಾಕಿದರೆ ಯಾವ ಅರ್ಧ ಕೆಟ್ಟಿದೆ ಎಂದು ಗೊತ್ತಾಗುತ್ತದೆ. ಆ ಅರ್ಧವನ್ನು ಮತ್ತೆ ಅರ್ಧ ಮಾಡಬೇಕು. 32 ಕಂಬದ ಸಾಲಾದರೂ ಐದು ಸಲ ಅರ್ಧ ಮಾಡುವಷ್ಟರಲ್ಲಿ ಕೆಟ್ಟ ತುಂಡು ಕೈಗೆ ಸಿಗುತ್ತದೆ. ಒಂದು ಮಧ್ಯಾಹ್ನದ ಕೆಲಸ. ಜಾಯಿಂಟಿಗೆ ಟೇಪು ಬೇಡ, ಕೇಬಲ್ ಜಾಯಿಂಟಿಂಗ್ ಕಿಟ್ ಕೊಡಿಸಿ.

ದೂರು ಮುಕ್ತಾಯದ ನಮೂನೆಯಲ್ಲಿ ಒಂದು ಕಾಲಂ ಸೇರಿಸಿ: ಕಾರಣ. ದೀಪವೋ, ಡ್ರೈವರೋ, ಫೇಸೋ, ನ್ಯೂಟ್ರಲ್ಲೋ, ಕೇಬಲ್ಲೋ, ಕಂಟ್ರೋಲ್ಲೋ. ಅದು ಖಾಲಿ ಇದ್ದರೆ ದೂರು ಮುಗಿಯಬಾರದು. ಒಂದೇ ಪಿಲ್ಲರಿನ ಮೇಲೆ ತಿಂಗಳೊಪ್ಪತ್ತಿನಲ್ಲಿ ಎರಡನೇ ಸಲ ದೂರು ಬಂದರೆ ಅದು ಏಣಿಯ ತಂಡಕ್ಕೆ ಹೋಗದೆ, ಮೀಟರ್ ಹಿಡಿದು ಸಂಜೆ ಬರುವ ತಂಡಕ್ಕೆ ಹೋಗಬೇಕು. ಅಂಥ ತಂಡ ವಿಭಾಗಕ್ಕೊಂದಾದರೂ ಇರಲಿ. ಅವರಿಗೆ ಕ್ಲ್ಯಾಂಪ್ ಮೀಟರು, ಮೆಗ್ಗರು, ಅರ್ಥ್ ಟೆಸ್ಟರು, ಪಿಲ್ಲರಿನ ಕೀ ಕೊಡಿ. ಗುತ್ತಿಗೆಯ ಷರತ್ತಿನಲ್ಲಿ ದೋಷ ಪತ್ತೆಗೆ ಬೇರೆ ದರ ಬರೆಯಿರಿ. ಇದು ಆಗದ ಹೊರತು ಮೇಲಿನ ಯಾವುದೂ ನಡೆಯುವುದಿಲ್ಲ. ಇಳಿಸಿದ ದೀಪಗಳನ್ನು ಸ್ಟೋರಿನಲ್ಲಿ ಒಮ್ಮೆ ಹತ್ತಿಸಿ ನೋಡಿ. ಎಷ್ಟು ದೀಪಗಳು ಚೆನ್ನಾಗಿವೆ ಎನ್ನುವುದೇ ನಿಮಗೆ ಸಿಗುವ ಅತ್ಯುತ್ತಮ ಆಡಿಟ್ ವರದಿ. ವಾರಂಟಿ ಮುಗಿಯದೆ ಸತ್ತವನ್ನು ಕಂಪನಿಗೆ ಕಳಿಸಿ.

ಪ್ರತಿ ಕಂಬದ ಮೇಲೆ ಕಂಬದ ನಂಬರಿನ ಜೊತೆ ಪಿಲ್ಲರಿನ ನಂಬರೂ ಫೇಸಿನ ಅಕ್ಷರವೂ ಬರೆಸಿ. ಒಂದು ಡಬ್ಬ ಬಣ್ಣದ ಖರ್ಚು. ಆಗ ದೂರು ಕೊಡುವ ನಮಗೂ 'ಮೂರಕ್ಕೊಂದು ಹೋಗಿದೆ' ಎನ್ನುವುದಕ್ಕೆ ಬದಲು 'ಇಂಥ ಪಿಲ್ಲರಿನ ಬಿ ಫೇಸು ಹೋಗಿದೆ' ಎನ್ನಲು ಬರುತ್ತದೆ. ಮುಂಗಾರಿಗೆ ಮುಂಚೆ, ಏಪ್ರಿಲ್ ಮೇ ತಿಂಗಳಲ್ಲಿ, ಅರ್ಥಿಂಗ್ ಅಳೆದು ಆ ಅಂಕಿಯನ್ನು ಪಿಲ್ಲರಿನ ಬಾಗಿಲ ಒಳಗೆ ತಾರೀಕು ಸಮೇತ ಬರೆಸಿ. ದೀಪವನ್ನೇ ಮುಚ್ಚಿರುವ ಮಳೆಮರ, ಹೊಂಗೆಯ ಕೊಂಬೆಗಳ ವಿಷಯ ಅರಣ್ಯ ಘಟಕದವರಿಗೆ ಬೇರೆ ಬರೆದಿದ್ದೇವೆ. ಮರ ಕಡಿಯಿರಿ ಎಂದಲ್ಲ, ದೀಪದ ತೋಳು ಇಳಿಸಿದರೂ ಸಾಕು. ನಿಮ್ಮಿಂದ ಒಂದು ಒಪ್ಪಿಗೆ ಪತ್ರ ಬೇಕಿದೆಯಂತೆ.

ಪಾರ್ಕಿನ ಎದುರಿನ ಕಂಬಕ್ಕೆ ಮುಚ್ಚಳ ಹಾಕಿಸುವುದಕ್ಕೆ ಮಾತ್ರ ಈ ಯಾವ ನೀತಿ ನಿಯಮಕ್ಕೂ ಕಾಯಬೇಕಿಲ್ಲ. ಈ ಪತ್ರ ನಿಮ್ಮ ಕೈಸೇರಿದ ದಿನವೇ ಅದನ್ನು ಮಾಡಿಸಿ. ಆ ಕಂಬದ ವೈರು ಯಾಕೆ ಕತ್ತರಿಸಲಾಗಿದೆ ಎನ್ನುವ ಚೀಟಿಯನ್ನು ನಾನೇ ಬರೆದು ಅಂಟಿಸಿದ್ದೆ, ಮಳೆಗೆ ಕಿತ್ತುಹೋಗಿದೆ. ಕಚೇರಿಯ ಮುದ್ರೆ ಇರುವ ತಗಡಿನ ಫಲಕ ಅಲ್ಲಿರಬೇಕು.

ನಿಮ್ಮ ಎಇಇ (ಸಹಾಯಕ ಕಾರ್ಯಪಾಲಕ ಎಂಜಿನಿಯರ್) ಅವರೋ ಜೆಇ (ಕಿರಿಯ ಎಂಜಿನಿಯರ್) ಅವರೋ ಒಂದು ಸಂಜೆ ಏಳು ಗಂಟೆಯ ನಂತರ ಬರುವುದಾದರೆ ಮೇಲೆ ಹೇಳಿದ ಪ್ರತಿಯೊಂದನ್ನೂ ಪಿಲ್ಲರಿನ ಎದುರು ನಿಂತು ತೋರಿಸುತ್ತೇನೆ. ಬಡಾವಣೆಯ ಸಂಘದವರು ಜೊತೆಗಿರುತ್ತಾರೆ. ಮೀಟರ್ ನನ್ನದೇ ಇದೆ, ಪಿಲ್ಲರಿನ ಕೀ ಮಾತ್ರ ತನ್ನಿ. ದಿನಾಂಕವನ್ನು ಬರವಣಿಗೆಯಲ್ಲಿ ತಿಳಿಸಬೇಕೆಂದು ಕೋರುತ್ತೇನೆ. ಮೊಬೈಲ್ ಸಂದೇಶ ಬೇಡ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಬಡಾವಣೆಯ ಒಬ್ಬ ನಿವಾಸಿ,
ನಿವೃತ್ತ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ಸೂಪರ್‌ವೈಸರ್, ಬೆಂಗಳೂರು

ಪ್ರತಿ: ಬಡಾವಣೆಯ ನಿವಾಸಿಗಳ ಸಂಘದ ಸೂಚನಾ ಫಲಕಕ್ಕೆ, ಹಾಲಿನ ಬೂತಿನ ಗೋಡೆಗೆ.